ಒತ್ತೆಯಾದ ಕೂಸು

ಲಾ ಬೊಲ್ಸಾ, ನ್ಯೂ ಮೆಕ್ಸಿಕೊ
9 ಏಪ್ರಿಲ್ 1972

ಪ್ರೀತಿಯ ಕೊಮಾದ್ರೆ ಬೆನಿಗ್ನಾ,

ನಿನ್ನ ಕಾಗದ ಈಸ್ಟರ್ ಹಬ್ಬಕ್ಕೆ ಮೊದಲೇ ಬಂದಿತ್ತು. ಉತ್ತರ ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಎದ್ದುಬಿಡುತ್ತಿದ್ದೆ. ಸಿಟ್ಟು ನಿನ್ನ ಮೇಲಲ್ಲ. ವಿಯೆಟ್ನಾಂ ಯುದ್ಧದಿಂದ ಜೀವಸಹಿತ ವಾಪಸು ಬಂದ ಹುಡುಗ, ಕ್ರಿಸ್‌ಮಸ್ಸಿಗೆ ಕ್ಯಾಲಿಫೋರ್ನಿಯಾದಿಂದ ತಾಯಿಗೊಂದು ಕಾರ್ಡು ಹಾಕಿ, ಆಮೇಲೆ ಇದ್ದಾನೋ ಸತ್ತಿದ್ದಾನೋ ತಿಳಿಸದೆ ಮಾಯವಾಗುವುದೆಂದರೇನು? ದೆಲ್ಫಿನೊ ನಿನಗೆ ಹೆತ್ತ ಮಗ, ನನಗೆ ಜ್ಞಾನಸ್ನಾನದ ಮಗ. ತೊಟ್ಟಿಯ ಹತ್ತಿರ ಅವನನ್ನು ಎತ್ತಿ ಹಿಡಿದವಳು ನಾನು. ಅವತ್ತಿನಿಂದ ತಾನೆ ನಾವಿಬ್ಬರು ಕೊಮಾದ್ರೆಗಳಾದದ್ದು? ಅವನ ಮೇಲೆ ಅರ್ಧ ಹಕ್ಕು ನನ್ನದು. ಆದ್ದರಿಂದ ಅರ್ಧ ಸಿಟ್ಟೂ ನನ್ನದೇ.

ಅಪ್ಪನ ಮಣ್ಣಿಗೆ ಬರಲಾಗಲಿಲ್ಲವೆಂಬ ಸಂಕಟ ಅವನ ಎದೆಯಲ್ಲಿ ಕೂತಿದೆ, ಅದಕ್ಕೇ ಮುಖ ತೋರಿಸಲು ಅಂಜುತ್ತಿದ್ದಾನೆ ಎಂದು ನೀನು ಬರೆದಿದ್ದೀಯ. ಇರಬಹುದು. ನಿನ್ನ ಫಿದೆನ್ಸಿಯೊನನ್ನು ನಾವು ಹೂಳಿದ ದಿನ ಈ ಹುಡುಗ ಯಾವ ಕಾಡಿನಲ್ಲಿ ಯಾವ ಕೆಸರಿನಲ್ಲಿ ಮಲಗಿದ್ದನೋ. ಆದರೆ ಅಂಜಿಕೆಯಿದ್ದವನು ತಾಯಿಯ ಹತ್ತಿರ ಅಂಜಬೇಕು, ತಾಯಿಯಿಂದ ದೂರ ಹೋಗಿ ಅಲ್ಲ.

ಇನ್ನು ಅಳುವುದನ್ನು ನಿಲ್ಲಿಸು. ಕಳೆದುಹೋದದ್ದನ್ನು ಹುಡುಕಿಕೊಡುವುದು ಸಾನ್ ಅಂತೋನಿಯೊನ ಕೆಲಸ. ಆದರೆ ಆ ಸಂತ ಬಾಯಿಮಾತಿಗೆ ಜಗ್ಗುವವನಲ್ಲ. ಹೇಸರಗತ್ತೆ ಕಳೆದಾಗ ನಮ್ಮಮ್ಮ ಮನೆಯ ಸಾನ್ ಅಂತೋನಿಯೊನ ಮರದ ಮೂರ್ತಿಯನ್ನು ಹಗ್ಗ ಕಟ್ಟಿ ಬಾವಿಯಲ್ಲಿ ತಲೆಕೆಳಗಾಗಿ ಇಳಿಬಿಟ್ಟಿದ್ದಳು. ಸಂಜೆಗೆಲ್ಲ ಕತ್ತೆ ಬಾಗಿಲಲ್ಲಿತ್ತು. ನಿನ್ನಜ್ಜಿಯ ಕತೆ ನಿನಗೇ ಗೊತ್ತು. ಆತನ ತೋಳಿನಲ್ಲಿರುವ ಬಾಲಯೇಸುವನ್ನೇ ಕಿತ್ತುಕೊಂಡು ಪೆಟ್ಟಿಗೆಯಲ್ಲಿಟ್ಟು, ‘ನನ್ ಗಂಡನ್ನ ತಂದ್ಕೊಡು, ನಿನ್ ಮಗೂನ ತಗೊಂಡ್ ಹೋಗು’ ಅಂದಿದ್ದಳಂತೆ. ತಂದುಕೊಟ್ಟ. ಆ ಗಂಡನಿಂದ ಆಮೇಲೆ ಅವಳಿಗೆ ಸುಖವಾಗಲಿಲ್ಲ ಎಂಬುದು ಬೇರೆ ಮಾತು.

ನನ್ನ ಮನೆಯಲ್ಲಿ ಈಗ ಸಾನ್ ಅಂತೋನಿಯೊ ಇಲ್ಲ, ತಂಗಿ ಒಯ್ದಳು. ಅದಕ್ಕೆ ನಿನ್ನೆ ಇಗರ್ಜಿಗೇ ಹೋದೆ. ಕಾಲುವೆಯ ಹೂಳೆತ್ತುವ ದಿನ ಅದು. ಗಂಡಸರೆಲ್ಲ ಸಲಿಕೆ ಹಿಡಿದು ಮೇಲೆ ಹೋಗಿದ್ದರು, ಹೆಂಗಸರೆಲ್ಲ ರಮೊನ್ಸಿತಾಳ ಅಂಗಡಿಯ ಅಂಗಳದಲ್ಲಿ ಬೀನ್ಸ್ ಬೇಯಿಸುತ್ತಿದ್ದರು. ಇಗರ್ಜಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಆತನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ ಬಂದಿದ್ದೇನೆ. ಏನು ಹೇಳಿದೆ ಎಂದು ಕೇಳಬೇಡ. ಹರಕೆಯ ಮಾತು ಬಾಯಿಬಿಟ್ಟರೆ ಫಲವಿಲ್ಲ.

ಹುಡುಗ ಬರುತ್ತಾನೆ. ಬಂದ ಕೂಡಲೇ ಬರೆ.

ನಿನ್ನ
ನಿಕಾನೊರಾ


ಪ್ವೆಬ್ಲೊ, ಕೊಲರಾಡೊ
22 ಏಪ್ರಿಲ್ 1972

ಪ್ರೀತಿಯ ಕೊಮಾದ್ರೆ,

ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಮನೆಯಲ್ಲಿ ಕೆಲಸ ಜಾಸ್ತಿ. ಬೇಕರಿಯಿಂದ ಬಂದ ಮೇಲೆ ಒಗೆಯುವುದು, ಶರಟಿನ ಗುಂಡಿ ಹೊಲಿಯುವುದು. ನಿನ್ನೆ ದೊಡ್ಡ ಪಾತ್ರೆಯಲ್ಲಿ ಹಂದಿಮಾಂಸ ಹಾಕಿ ಕೆಂಪು ಮೆಣಸಿನಕಾಯಿಯ ಸಾರು ಮಾಡಿದೆ, ಮುಗಿಯಲೇ ಇಲ್ಲ. ಎಷ್ಟು ಮಾಡಿದರೇನು, ತಿನ್ನುವ ಮನಸ್ಸು ಬೇಕಲ್ಲ. ಪಕ್ಕದ ಮನೆಯ ಇಟಲಿಯ ಮುದುಕ ಒಂದು ಜೊತೆ ಬೂಟು ಕೊಟ್ಟ. ಒಳ್ಳೆಯ ಚರ್ಮ, ಆದರೆ ಬೆರಳಿನ ಹತ್ತಿರ ಬಿಗಿ.

ದೆಲ್ಫಿನೊನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಸಂತನ ಮೇಲೆ ಬಹಳ ಜೋರು ಮಾಡಬೇಡ ಕೊಮಾದ್ರೆ. ಪಾಪ, ಆತನೂ ತನ್ನ ಕೈಲಾದದ್ದು ಮಾಡುತ್ತಿರಬಹುದು. ಫಿದೆನ್ಸಿಯೊನ ಸಮಾಧಿಯ ಶಿಲುಬೆ ವಾಲಿದೆಯಂತೆ. ಸಾಧ್ಯವಾದರೆ ನೆಟ್ಟಗೆ ಮಾಡಿಸು.

ನಿನ್ನ
ಬೆನಿಗ್ನಾ


ಲಾ ಬೊಲ್ಸಾ
3 ಮೇ 1972

ಪ್ರೀತಿಯ ಕೊಮಾದ್ರೆ,

ನಿನ್ನ ಕಾಗದ ಓದಿ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಶರಟಿನ ಗುಂಡಿ! ದೊಡ್ಡ ಪಾತ್ರೆಯಲ್ಲಿ ಸಾರು! ಗಂಡಸಿನ ಬೂಟು! ಬೆನಿಗ್ನಾ, ನನ್ನ ಕಣ್ಣಿಗೆ ಮಣ್ಣು ಎರಚಲು ನೋಡುತ್ತೀಯ? ಯಾರವನು? ಆ ಇಟಲಿಯ ಮುದುಕನೇ? ಬೂಟು ಕೊಟ್ಟವನು ಕಾಲನ್ನೂ ನಿನ್ನ ಮನೆಯಲ್ಲೇ ಇಟ್ಟಂತಿದೆ. ನಾಚಿಕೊಳ್ಳಬೇಡ. ಫಿದೆನ್ಸಿಯೊ ಹೋಗಿ ಎರಡು ವರ್ಷವಾಯಿತು, ಹೆಣ್ಣಿಗೂ ಬಾಯಿ ತುಂಬ ಮಾತಾಡಲು ಒಬ್ಬರು ಬೇಕು. ಆದರೆ ಅನ್ನ ತಿನ್ನುವ ಮನಸ್ಸಿಲ್ಲದ ಗಂಡಸನ್ನು ಮಾತ್ರ ಕಟ್ಟಿಕೊಳ್ಳಬೇಡ. ಅಂಥವರು ಎಲ್ಲದಕ್ಕೂ ಕೊರಗುತ್ತಾರೆ.

ಶಿಲುಬೆ ವಾಲಿದ್ದು ನಿಜ. ನಾನೇ ಹೋಗಿ ಕಲ್ಲು ಕೊಟ್ಟು ನೆಟ್ಟಗೆ ಮಾಡಿದೆ. ನಿನಗೆ ಯಾರು ಹೇಳಿದರು?

ಇಲ್ಲಿಯ ಸುದ್ದಿ ಬರೆಯದೆ ಇರಲಾರೆ. ಬೇರೆಯವರಿಂದ ತಿಳಿಯುವ ಬದಲು ನನ್ನಿಂದಲೇ ತಿಳಿ. ಇಗರ್ಜಿಯ ಸಾನ್ ಅಂತೋನಿಯೊನ ತೋಳಿನಲ್ಲಿದ್ದ ಕೂಸು ಕಾಣೆಯಾಗಿದೆ. ಈಸ್ಟರ್ ಆದಮೇಲೆ ಇಲ್ಲಿ ಪೂಜೆಯಿರಲಿಲ್ಲ. ಮೇ ತಿಂಗಳ ಮಾತೆಯ ಜಪಕ್ಕೆಂದು ಮೊನ್ನೆ ದೋನ್ ಎಲಿಸೆಯೊ ಬಾಗಿಲು ತೆಗೆದು ದೀಪ ಹಚ್ಚಿದನಂತೆ. ನೋಡಿದರೆ ಸಂತ ಬರಿಗೈಯಲ್ಲಿ ನಿಂತಿದ್ದ. ಈ ವರ್ಷ ಇಗರ್ಜಿಯ ಪಾರುಪತ್ಯ ದೋನ್ ಎಲಿಸೆಯೊನದು. ಮೊದಲೇ ಮೀಸೆ ಮಣ್ಣಾಗದ ಮನುಷ್ಯ. ಊರಿಗೆಲ್ಲ ಕೇಳುವ ಹಾಗೆ ಗಂಟೆ ಬಾರಿಸಿ, ‘ಕಳ್ಳತನ! ಕಳ್ಳತನ!’ ಎಂದು ಕೂಗಿಕೊಂಡ. ಹಳೆಯ ಸಂತರನ್ನು ಕೊಳ್ಳಲು ನಗರದಿಂದ ಉದ್ದ ಕಾರುಗಳಲ್ಲಿ ಬರುವವರಿಗೆ ಯಾರೋ ಮಾರಿದ್ದಾರೆ ಎಂದು ಎಲ್ಲರ ಬಾಯಲ್ಲೂ ಒಂದೇ ಮಾತು. ಮಾರಿದ್ದಾರೆ ಎಂದು ಇವರಿಗೆ ಯಾರು ಹೇಳಿದರು? ಕೂಸು ಎಲ್ಲೋ ಬೆಚ್ಚಗೆ ಇರಬಹುದು. ಊಹಿಸಲು ತಲೆ ಬೇಡವೇ?

ಈಗ ಬಾಗಿಲಿಗೆ ಕಬ್ಬಿಣದ ಬೀಗ ಬಿದ್ದಿದೆ. ನೂರೈವತ್ತು ವರ್ಷ ತೆರೆದಿದ್ದ ಬಾಗಿಲು ಕೊಮಾದ್ರೆ! ಕೀಲಿ ಎಲಿಸೆಯೊನ ಕೊರಳಲ್ಲಿ. ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿದೆ. ಐರ್ಲೆಂಡಿನಿಂದ ಬಂದ ಹೊಸ ಹುಡುಗ ಪಾದ್ರಿ ಇದ್ದಾನಲ್ಲ, ಬಾಯಲ್ಲಿ ಬಿಸಿ ಗೆಣಸಿಟ್ಟುಕೊಂಡವನ ಹಾಗೆ ನಮ್ಮ ಭಾಷೆ ಆಡುವವನು, ಅವನು ದೊಡ್ಡ ಗುರುಗಳ ಕಚೇರಿಗೆ ಫೋನು ಮಾಡಿದ. ಅಲ್ಲಿಂದ ಅಪ್ಪಣೆ ಬಂದಿದೆ. ಜೂನ್ ಹನ್ನೆರಡಕ್ಕೆ ಟ್ರಕ್ ಬರುತ್ತದಂತೆ. ಸಾನ್ ಅಂತೋನಿಯೊ, ಸಾನ್ ಇಸಿದ್ರೊ, ದುಃಖಮಾತೆ, ಎಲ್ಲರನ್ನೂ ಹುಲ್ಲಿನಲ್ಲಿ ಸುತ್ತಿ ನಗರದ ವಸ್ತುಸಂಗ್ರಹಾಲಯಕ್ಕೆ ಒಯ್ಯುತ್ತಾರೆ. ಭದ್ರವಾಗಿರಲಿ ಎಂದು. ಹಬ್ಬ ಹದಿಮೂರಕ್ಕೆ! ಮೆರವಣಿಗೆಯಲ್ಲಿ ನಾವು ಏನನ್ನು ಹೊರಬೇಕು, ಎಲಿಸೆಯೊನ ಬೀಗವನ್ನೇ?

ನನಗೆ ನಿದ್ದೆ ಹತ್ತುತ್ತಿಲ್ಲ. ದೆಲ್ಫಿನೊ ಬಂದನೇ? ಬಂದರೆ ಎಲ್ಲ ಸರಿಹೋಗುತ್ತದೆ.

ನಿನ್ನ
ನಿಕಾನೊರಾ


ಪ್ವೆಬ್ಲೊ
12 ಮೇ 1972

ಕೊಮಾದ್ರೆ,

ಮುದುಕನ ವಿಷಯ ನೀನು ಅಂದುಕೊಂಡಂತಲ್ಲ. ಆಮೇಲೆ ಬರೆಯುತ್ತೇನೆ.

ರಮೊನ್ಸಿತಾಳೂ ಒಂದು ಕಾಗದ ಹಾಕಿದ್ದಳು. ಅದರಲ್ಲಿದ್ದ ಒಂದು ಮಾತು ಓದಿ ಕಾಗದವನ್ನು ಒಲೆಗೆ ಹಾಕಿದೆ. ಅದು ಏನೆಂದು ನಿನಗೆ ಬರೆಯಲಾರೆ. ನಿನಗೆ ಗೊತ್ತಿದ್ದರೆ ಗೊತ್ತಿದೆ, ಇಲ್ಲದಿದ್ದರೆ ನನ್ನ ಬಾಯಿಂದ ಬೇಡ.

ಒಂದು ಕೇಳುತ್ತೇನೆ, ಯಾಕೆಂದು ಕೇಳಬೇಡ. ಇಗರ್ಜಿಯಿಂದ ತೆಗೆದವರಿಗೆ ಏನು ಶಿಕ್ಷೆ? ಪೋಲೀಸರನ್ನು ಕರೆಯುತ್ತಾರೆಯೇ? ಕೂಸು ಒಂದು ದಿನ ಅಂಚೆಯಲ್ಲಿ ಪೊಟ್ಟಣವಾಗಿ ತಾನಾಗಿ ಬಂದುಬಿಟ್ಟರೆ, ಕಳಿಸಿದವರು ಯಾರೆಂದು ಕೆದಕುತ್ತಾರೆಯೇ? ತೆಗೆದವರು ಕೆಟ್ಟವರೇ ಆಗಿರಬೇಕಿಲ್ಲ ಕೊಮಾದ್ರೆ. ಮನಸ್ಸು ಸರಿಯಿಲ್ಲದೆ ಮಾಡಿರಬಹುದು. ನಾವು ಪ್ರೀತಿಸುವವರೇ ಆಗಿರಬಹುದು. ನೀನು ಅಂಥವರನ್ನು ಶಪಿಸುವುದಿಲ್ಲ ತಾನೆ?

ಬೆನಿಗ್ನಾ


ಲಾ ಬೊಲ್ಸಾ
19 ಮೇ 1972

ಬೆನಿಗ್ನಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಿನ್ನ ಕಾಗದ ಓದುವಾಗ ನನ್ನ ಕೈ ಹೆಗಲಿನ ಮೇಲೇ ಇತ್ತು ಎಂದಷ್ಟೇ ಹೇಳಬಲ್ಲೆ. ನೀನು ಅಷ್ಟು ದೂರದಲ್ಲಿ ಕೂತು ಎಲ್ಲವನ್ನೂ ಕಂಡುಕೊಂಡೆಯಲ್ಲ! ರಮೊನ್ಸಿತಾಳಿಗೂ ಗೊತ್ತೇ? ಅವಳಿಗೆ ಗೊತ್ತಾದರೆ ಇಗರ್ಜಿಯ ಗಂಟೆಗಿಂತ ಮುಂಚೆ ಊರಿಗೆ ಗೊತ್ತಾಗಿರಬೇಕು. ಆದರೆ ನನ್ನ ಎದುರಿಗೆ ಯಾರೂ ತುಟಿ ಬಿಚ್ಚುತ್ತಿಲ್ಲ. ನಾನು ಅಂಗಡಿಗೆ ಹೋದರೆ ಮಾತು ನಿಲ್ಲುತ್ತದೆ. ಎಲಿಸೆಯೊ ಟೋಪಿ ಎತ್ತಿ, ನನಗೇನೋ ಕಾಯಿಲೆ ಎಂಬಂತೆ ಮೆತ್ತಗೆ ಮಾತಾಡುತ್ತಾನೆ.

ತೆಗೆದವರು ಕೆಟ್ಟವರಲ್ಲ ಎಂದು ನೀನು ಬರೆದೆಯಲ್ಲ, ಆ ಒಂದು ಸಾಲಿಗೆ ನಿನ್ನ ಕೈಗೆ ಮುತ್ತಿಡಬೇಕು. ಆದರೆ ಈಗ ಹಿಂದಿರುಗಿಸು ಎಂದು ಮಾತ್ರ ಹೇಳಬೇಡ. ತೆಗೆದವರಿಗೆ ಬೇಕಾದದ್ದು ಇನ್ನೂ ಸಿಕ್ಕಿಲ್ಲ. ಸಿಗುವ ತನಕ ಕೊಡಲಾಗದು. ಅರ್ಥವಾಯಿತು ತಾನೆ? ಇನ್ನು ಈ ವಿಷಯ ಕಾಗದದಲ್ಲಿ ಬೇಡ.

ನಿಕಾನೊರಾ


ಲಾ ಬೊಲ್ಸಾ
30 ಮೇ 1972

ಬೆನಿಗ್ನಾ, ನನ್ನ ಜೀವವೇ,

ನಾನು ಮೂರ್ಖಳು. ನಿನಗೆ ಏನೂ ಗೊತ್ತಿರಲಿಲ್ಲ, ನನಗೂ ಏನೂ ಗೊತ್ತಿರಲಿಲ್ಲ. ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು.

ನಿನ್ನೆ ಇಗರ್ಜಿಯ ಗೋಡೆಗೆ ಮಣ್ಣು ಮೆತ್ತುವ ಕೆಲಸ ಶುರುವಾಯಿತು. ಸಂತರನ್ನು ಒಯ್ಯುವವರು ಒಯ್ಯಲಿ, ಗೋಡೆಯಾದರೂ ನಮ್ಮದಲ್ಲವೇ ಎಂದು ಹೆಂಗಸರೆಲ್ಲ ಸೇರಿದ್ದೆವು. ಗಂಡಸರು ಹುಲ್ಲು ಬೆರೆಸಿದ ಮಣ್ಣು ತಂದು ಸುರಿಯುತ್ತಿದ್ದರು, ನಾವು ಕೈಯಲ್ಲಿ ಬಳಿದು ಕುರಿಚರ್ಮದಿಂದ ನಯ ಮಾಡುತ್ತಿದ್ದೆವು. ದೋನ್ ಎಲಿಸೆಯೊ ಏಣಿಯ ಬುಡದಲ್ಲಿ ನಿಂತು ಯಜಮಾನಿಕೆ ಮಾಡುತ್ತಿದ್ದ. ನಾನು ಸುಮ್ಮನಿರಲಾರದೆ ಕೆಣಕಿದೆ.

‘ಏನ್ರೀ ದೋನ್ ಎಲಿಸೆಯೊ, ಕೊರಳಲ್ಲಿ ಕೀಲಿ ಕಟ್ಕೊಂಡ್ರಲ್ಲ, ಕಳ್ಳ ಸಿಕ್ಕಿದ್ನಾ?’

‘ಸಿಗೋದೇನು ಬಂತು ನಿಕಾನೊರಾ. ಯಾರು ಅಂತ ಊರಿಗೆಲ್ಲ ಗೊತ್ತು.’

ನಾನು ಇನ್ನೊಂದು ಮುದ್ದೆ ಮಣ್ಣು ಕೈಗೆ ತೆಗೆದುಕೊಂಡೆ. ‘ಯಾರಂತೆ?’

‘ನಿನ್ನ ಮನಸ್ಸು ನೋಯಿಸ್ಬಾರ್ದು ಅಂತ ಯಾರೂ ಹೇಳಿಲ್ಲ. ನಿನ್ ದೆಲ್ಫಿನೊನೇ. ಕಾಲುವೆ ದಿನ ಮಧ್ಯಾಹ್ನ ನಾನು ಇನ್ನೊಂದು ಸಲಿಕೆ ತರೋಕೆ ಅಂತ ಕೆಳಗೆ ಬಂದಿದ್ದೆ. ಅವನು ಇಗರ್ಜಿ ಹಿಂದ್ಗಡೆಯಿಂದ ಚೀಲ ಹೊತ್ಕೊಂಡು ರಸ್ತೆ ಕಡೆ ಹೋಗ್ತಿದ್ದ. ಕೂಗಿದೆ. ತಿರುಗಿ ಕೂಡ ನೋಡ್ಲಿಲ್ಲ. ಕಳ್ಳ ಅಲ್ದೆ ಇದ್ರೆ ನಿಲ್ತಿರ್ಲಿಲ್ವಾ?’

ನನ್ನ ಕೈಯಲ್ಲಿದ್ದ ಮಣ್ಣಿನ ಮುದ್ದೆ ಹೇಗೆ ಹಾರಿತೋ ನನಗೆ ಗೊತ್ತಿಲ್ಲ. ಅವನ ಮೀಸೆಯ ಮೇಲೆ ಬಿತ್ತು. ಅವನಿಗೆ ಕೋಪ ಕೂಡ ಬರಲಿಲ್ಲ. ‘ಪಾಪ, ಜ್ಞಾನತಾಯಿ ಅಲ್ವಾ’ ಎಂದು ಒರೆಸಿಕೊಂಡ. ಅವನ ಆ ಕರುಣೆಗೇ ನಾನು ಅರ್ಧ ಸತ್ತೆ. ಮನೆಗೆ ಬಂದು ಕದ ಹಾಕಿಕೊಂಡು ಅತ್ತೆ.

ಬೆನಿಗ್ನಾ, ಕೂಸು ನನ್ನ ಹತ್ತಿರ ಇದೆ. ನಾನೇ ತೆಗೆದದ್ದು. ಕಾಲುವೆಯ ದಿನ ಸಾನ್ ಅಂತೋನಿಯೊನ ಎದುರು ನಿಂತು, ‘ನನ್ ಹುಡುಗನ್ನ ತಂದ್ಕೊಡು, ಆಮೇಲೆ ನಿನ್ ಹುಡುಗನ್ನ ಕೊಡ್ತೀನಿ’ ಎಂದು ಹೇಳಿ ಆತನ ತೋಳಿನಿಂದ ಕಿತ್ತುಕೊಂಡು, ಶಾಲಿನೊಳಗೆ ಬಚ್ಚಿಟ್ಟು ತಂದೆ. ಉಣ್ಣೆ ಬಟ್ಟೆಯಲ್ಲಿ ಸುತ್ತಿ ಹಿಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಎರಡು ದಿನದಲ್ಲಿ ಹುಡುಗ ಬರುತ್ತಾನೆ, ಯಾರಿಗೂ ತಿಳಿಯದೆ ಮರಳಿಸಿಬಿಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಬೀಗ ಬಿತ್ತು, ಟ್ರಕ್ಕಿನ ಮಾತು ಬಂತು. ಆದರೂ ಹಟ ಬಿಡಲಿಲ್ಲ. ಇಡೀ ಊರಿನ ಸಂತರು ಹೋದರೂ ಸರಿ, ಹುಡುಗ ಬರಲಿ ಎಂದುಕೊಂಡೆ. ದೇವರೇ, ಹಾಗೇ ಅಂದುಕೊಂಡೆ.

ಈಗ ನೋಡು. ನಾನು ಒಳಗೆ ಅವನಿಗಾಗಿ ಸಂತನ ಹತ್ತಿರ ಜಗಳವಾಡುತ್ತಿದ್ದಾಗ ಅವನು ಹೊರಗೆ ಗೋಡೆಯ ಆಚೆಗೇ ಇದ್ದ! ಅಪ್ಪನ ಸಮಾಧಿಯ ಹತ್ತಿರ ಇದ್ದಿರಬೇಕು. ನಾನೇ ಅವನನ್ನು ಕಳ್ಳನನ್ನಾಗಿ ಮಾಡಿದೆ. ಊರು ಏನನ್ನುತ್ತದೆ ಎಂಬುದು ಅವನ ಕಿವಿಗೆ ಬಿದ್ದು ಇನ್ನೂ ದೂರ ಹೋಗಿದ್ದರೆ? ನನ್ನ ಹರಕೆಯೇ ಅವನ ದಾರಿಗೆ ಮುಳ್ಳಾಯಿತು.

ಜೂನ್ ಹನ್ನೊಂದರ ಭಾನುವಾರ ಪಾದ್ರಿ ಪೂಜೆಗೆ ಬರುತ್ತಾನೆ. ಅವತ್ತು ಎಲ್ಲರ ಎದುರು ಕೂಸನ್ನು ಒಪ್ಪಿಸುತ್ತೇನೆ. ಅವಮಾನಕ್ಕೆ ಅಂಜುವುದಿಲ್ಲ. ಅಂಜುವುದು ಒಂದಕ್ಕೇ. ಒತ್ತೆ ಬಿಟ್ಟುಕೊಟ್ಟ ಮೇಲೆ ನಿನ್ನ ಮಗನನ್ನು ಹುಡುಕುವ ಗರಜು ಆ ಸಂತನಿಗೆ ಏನಿದೆ? ನೀನು ತಾಯಿ. ನಿನ್ನ ಒಪ್ಪಿಗೆ ಇಲ್ಲದೆ ನಾನು ಪೆಟ್ಟಿಗೆ ತೆರೆಯಲಾರೆ. ಕೊಡು ಎನ್ನು, ಕೊಡುತ್ತೇನೆ. ಬೇಡ ಎನ್ನು, ನರಕಕ್ಕೆ ಹೋದರೂ ಇಟ್ಟುಕೊಳ್ಳುತ್ತೇನೆ.

ನಿನ್ನ
ನಿಕಾನೊರಾ


ಪ್ವೆಬ್ಲೊ
30 ಮೇ 1972

ಕೊಮಾದ್ರೆ,

ಇನ್ನು ತಡೆಯಲಾರೆ. ದೆಲ್ಫಿನೊ ಇಲ್ಲಿದ್ದಾನೆ. ಏಪ್ರಿಲ್ ಮಧ್ಯದಿಂದ ಇಲ್ಲೇ ಇದ್ದಾನೆ. ಗುಂಡಿ ಹೊಲಿದದ್ದು ಅವನ ಶರಟಿಗೆ, ಬೂಟು ಅವನ ಕಾಲಿಗೆ. ಬಾಗಿಲಲ್ಲಿ ನಿಂತಾಗ ಗುರುತು ಸಿಗಲಿಲ್ಲ, ಅಷ್ಟು ಸೊರಗಿದ್ದ. ‘ಅಮ್ಮಾ, ನಾನ್ ಬಂದಿದೀನಿ ಅಂತ ಯಾರಿಗೂ ಹೇಳ್ಬೇಡ, ನಿನಾಗೂ ಬೇಡ’ ಅಂದ. ನಿನ್ನನ್ನು ಚಿಕ್ಕಂದಿನಿಂದ ನಿನಾ ಎಂದು ಕರೆದವನು, ನಿನ್ನಿಂದಲೇ ಯಾಕೆ ಮುಚ್ಚಿಡುತ್ತಾನೆ ಎಂದು ತಿಳಿಯಲಿಲ್ಲ. ಮತ್ತೆ ಹೊರಟುಹೋದಾನೆಂಬ ಭಯಕ್ಕೆ ನಿನಗೆ ಸುಳ್ಳು ಬರೆದೆ. ನೀನು ಅಲ್ಲಿ ನಿದ್ದೆಗೆಡುತ್ತಿದ್ದೀಯ ಎಂದು ಓದಿದಾಗ ನಾಚಿಕೆಯಾಯಿತು, ಆದರೂ ಬರೆಯಲಿಲ್ಲ.

ಊರಿನವರು ಅವನನ್ನೇ ಕಳ್ಳ ಎನ್ನುತ್ತಿದ್ದಾರೆಂದು ರಮೊನ್ಸಿತಾ ಬರೆದಳು. ಓದಿ ಅವನನ್ನೇ ಕೇಳಿದೆ.

‘ದೆಲ್ಫಿನೊ, ಕೂಸನ್ನ ನೀನು ತಗೊಂಡ್ಯಾ?’

ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ, ‘ಜನ ಹಾಗೆ ಅಂದ್ರೆ ಅನ್ಲಿ ಬಿಡಮ್ಮ. ನಾನು ಅಂತಲೇ ಇಟ್ಕೋ’ ಅಂದ.

‘ಇಟ್ಕೋ ಅಂದ್ರೇನೋ? ಹೌದಾ ಅಲ್ವಾ?’

‘ಕೇಳ್ಬೇಡ ಅಂದ್ನಲ್ಲ.’

ಅದಕ್ಕಿಂತ ಹೆಚ್ಚು ಏನು ಬೇಕು? ಅವನ ಚೀಲವನ್ನು ಮುಟ್ಟಿ ನೋಡಿದೆ. ಒಳಗೆ ಡಬ್ಬಿಯೊಂದರಲ್ಲಿ ಅಪ್ಪನ ಸಮಾಧಿಯ ಮಣ್ಣು ಬಿಟ್ಟರೆ ಏನೂ ಇಲ್ಲ. ಮಾರಿಬಿಟ್ಟಿರಬೇಕು. ‘ತೆಗೆದವರಿಗೆ ಬೇಕಾದದ್ದು ಇನ್ನೂ ಸಿಕ್ಕಿಲ್ಲ’ ಎಂದು ನೀನು ಬರೆದದ್ದನ್ನು ಓದಿ, ನಿನಗೂ ಗೊತ್ತಾಗಿದೆ, ನೀನೂ ಅವನನ್ನೇ ಹೇಳುತ್ತಿದ್ದೀಯ ಎಂದುಕೊಂಡೆ.

ಅವನನ್ನು ಶಪಿಸಬೇಡ ಕೊಮಾದ್ರೆ. ನೀನು ಎತ್ತಿ ಹಿಡಿದ ಮಗು ಅದು. ಯಾರಿಗೆ ಮಾರಿದನೆಂದು ಹೇಳಿದರೆ ಅವರ ಕಾಲಿಗೆ ಬಿದ್ದಾದರೂ ತರುತ್ತೇನೆ. ಊರಿನ ಸಂತರು ನನ್ನ ಮಗನಿಂದ ಹೋದರು ಎಂಬ ಮಾತು ಫಿದೆನ್ಸಿಯೊನ ಸಮಾಧಿಯ ಮೇಲೆ ಬೀಳಬಾರದು.

ಬೆನಿಗ್ನಾ


ಪ್ವೆಬ್ಲೊ
2 ಜೂನ್ 1972

ಅಯ್ಯೋ ನಿಕಾನೊರಾ! ಅಯ್ಯೋ ನನ್ನ ಹುಚ್ಚಿ!

ನಮ್ಮ ಕಾಗದಗಳು ದಾರಿಯಲ್ಲಿ ಒಂದರ ಪಕ್ಕ ಒಂದು ಹಾದುಹೋಗಿರಬೇಕು. ನಿನ್ನದನ್ನು ಬೇಕರಿಯ ಬಾಗಿಲಲ್ಲೇ ಒಡೆದು ಓದಿದೆ. ಓದಿ ಹಿಟ್ಟಿನ ಚೀಲದ ಮೇಲೆ ಕುಸಿದು ಕೂತೆ. ನಗುತ್ತಿದ್ದೇನೋ ಅಳುತ್ತಿದ್ದೇನೋ ಯಾರಿಗೂ ತಿಳಿಯಲಿಲ್ಲ, ನೀರು ತಂದುಕೊಟ್ಟರು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ನಿನಗಾಗಿಯೇ ಹುಟ್ಟಿದ್ದು! ನನ್ನಜ್ಜಿಯ ಕತೆಯನ್ನು ನೀನೇ ಮೊದಲ ಕಾಗದದಲ್ಲಿ ಬರೆದಿದ್ದೆ, ಆದರೂ ನನಗೆ ಹೊಳೆಯಲಿಲ್ಲ. ಮನೆಯ ಸಂತನನ್ನು ಶಿಕ್ಷಿಸುವುದು ಕೇಳಿದ್ದೇನೆ. ಇಗರ್ಜಿಯ ಸಂತನಿಗೇ ಕೈ ಹಾಕುವ ಹೆಂಗಸು ಇದ್ದಾಳೆಂದು ಯಾರು ನೆನೆಸುತ್ತಾರೆ?

ಮನೆಗೆ ಓಡಿ ಬಂದು ಕಾಗದವನ್ನು ದೆಲ್ಫಿನೊನ ಮುಂದೆ ಹಿಡಿದೆ. ಓದಿದ. ಮತ್ತೆ ಓದಿದ. ಆಮೇಲೆ ಮುಖ ಮುಚ್ಚಿಕೊಂಡ. ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾನೆಂದು ಹತ್ತಿರ ಹೋದರೆ, ನಗುತ್ತಿದ್ದಾನೆ! ಯುದ್ಧಕ್ಕೆ ಹೋಗುವ ಮುಂಚೆ ಕೇಳಿದ ನಗು ಅದು.

‘ಅಮ್ಮಾ, ನಾನು ನಿನಾನ ನೋಡ್ದೆ’ ಅಂದ. ‘ಅಪ್ಪನ ಹತ್ರ ಕೂತಿದ್ದೆ. ನಿನಾ ಇಗರ್ಜಿಯಿಂದ ಬಂದ್ಲು, ಶಾಲಿನ ಒಳಗೆ ಏನೋ ಇತ್ತು. ಕೂಸಿನ ಕಾಲು ಹೊರಗೆ ಕಾಣ್ತಿತ್ತು. ಕಳ್ಳ ಬೆಕ್ಕಿನ ಥರ ಆಕಡೆ ಈಕಡೆ ನೋಡಿ ಓಡಿದ್ಲು. ಪಾಪ, ಬಡತನಕ್ಕೆ ಕಾರಿನವರಿಗೆ ಮಾರ್ಬಿಟ್ಲು ಅಂದ್ಕೊಂಡೆ. ನನ್ನ ಕಂಡ್ರೆ ನಾಚಿಕೆಯಿಂದ ಸತ್ತೇ ಹೋಗ್ತಾಳೆ ಅಂತ ಅಡಗಿ ಕೂತೆ. ಎಲಿಸೆಯೊ ಕೂಗ್ದಾಗ್ಲೂ ಅದಕ್ಕೇ ನಿಲ್ಲಲಿಲ್ಲ. ನಿಂತಿದ್ರೆ ಏನು ನೋಡ್ದೆ ಅಂತ ಕೇಳ್ತಿದ್ದ. ಹೇಗೂ ನನ್ ಹೆಸ್ರು ಊರಲ್ಲಿ ಏನೂ ಉಳ್ದಿಲ್ಲ. ಅವಳ ಹೆಸ್ರಾದ್ರೂ ಉಳೀಲಿ ಅಂತ ಸುಮ್ನಿದ್ದೆ.’

ಕೇಳಿದೆಯಾ ನಿಕಾನೊರಾ? ನಿನ್ನ ಮಾನ ಉಳಿಸಲು ನನ್ನ ಮಗ ಕಳ್ಳನಾಗಲು ಒಪ್ಪಿದ್ದ. ಅವನ ಮಾನ ಉಳಿಸಲು ನಾನು ಸುಳ್ಳಿಯಾದೆ. ಅವನನ್ನು ತರಿಸಲು ನೀನು ಕಳ್ಳಿಯಾದೆ. ನಮ್ಮ ನಾಲ್ವರಲ್ಲಿ ಕೆಟ್ಟ ಕೆಲಸ ಮಾಡದೆ ಉಳಿದವನು ಸಾನ್ ಅಂತೋನಿಯೊ ಒಬ್ಬನೇ. ನೀನು ಕೇಳುವ ಮೊದಲೇ ಆತ ಹುಡುಗನನ್ನು ತಂದು ಗೋಡೆಯ ಹಿಂದೆ ಕೂರಿಸಿದ್ದ.

ಕೊಡು. ಕೂಸನ್ನು ಕೊಟ್ಟುಬಿಡು. ದೆಲ್ಫಿನೊ ತಾನೂ ಬರುತ್ತೇನೆ ಎನ್ನುತ್ತಾನೆ. ‘ನಿನಾ ಒಬ್ಳೇ ಎಲ್ಲರ ಮುಂದೆ ನಿಲ್ಬಾರ್ದು’ ಎನ್ನುತ್ತಾನೆ. ಹಬ್ಬದ ವಾರ ನನಗೆ ಬೇಕರಿಯಿಂದ ರಜೆ ಇಲ್ಲ. ಶನಿವಾರದ ಬಸ್ಸಿಗೆ ಅವನನ್ನು ಒಬ್ಬನನ್ನೇ ಕಳಿಸುತ್ತೇನೆ.

ನಿನ್ನ
ಬೆನಿಗ್ನಾ


ಪ್ವೆಬ್ಲೊ
10 ಜೂನ್ 1972

ಕೊಮಾದ್ರೆ,

ಬೆಳಿಗ್ಗೆ ಬಸ್ಸು ಹತ್ತಿಸಿದೆ. ಕಿಟಕಿಯಿಂದ ಕೈ ಬೀಸಿದ. ಮನೆಗೆ ಬಂದ ಮೇಲೆ ಭಯ ಹಿಡಿದಿದೆ. ಹೋದ ಸಲವೂ ಊರಿಗೆ ಬರುತ್ತೇನೆಂದು ಕ್ಯಾಲಿಫೋರ್ನಿಯಾದಲ್ಲಿ ಬಸ್ಸು ಹತ್ತಿದವನು ನಡುವೆ ಎಲ್ಲೋ ಇಳಿದು ಮೂರು ತಿಂಗಳು ಕಾಣೆಯಾಗಿದ್ದ. ಜನರ ಮುಖ ನೆನಪಾದರೆ ಉಸಿರು ಕಟ್ಟುತ್ತದೆ ಎಂದಿದ್ದ. ಇವತ್ತು ಲಾ ಬೊಲ್ಸಾದ ಎಲ್ಲ ಮುಖಗಳೂ ಅವನನ್ನು ನೋಡಲು ಕಾದಿವೆ. ಅವನನ್ನು ಒಬ್ಬನೇ ಕಳಿಸಿ ತಪ್ಪು ಮಾಡಿದೆನೇ?

ತಲುಪಿದನೇ ಎಂಬ ಒಂದು ಮಾತು ಬರೆ. ಬೇರೆ ಏನೂ ಬೇಡ.

ಬೆನಿಗ್ನಾ


ಲಾ ಬೊಲ್ಸಾ
13 ಜೂನ್ 1972, ಹಬ್ಬದ ದಿನ

ತಲುಪಿದ್ದಾನೆ, ಬೆನಿಗ್ನಾ. ಇಲ್ಲಿದ್ದಾನೆ. ಮೊದಲು ಅಷ್ಟು ಓದಿಕೊಂಡು ಒಂದು ಲೋಟ ಕಾಫಿ ಕುಡಿದು ಬಾ. ಆಮೇಲೆ ಉಳಿದದ್ದು ಓದು.

ಶನಿವಾರ ನನಗೂ ಜೀವ ಹೋಗಿ ಬಂತು. ಹೆದ್ದಾರಿಯ ತಿರುವಿನಲ್ಲಿ ಕಾದಿದ್ದೆ. ಬಸ್ಸು ಬಂತು, ಇಬ್ಬರು ಇಳಿದರು, ಅವನು ಇಳಿಯಲಿಲ್ಲ. ಡ್ರೈವರನನ್ನು ಕೇಳಿದರೆ, ‘ಆ ಉದ್ದನೆ ಹುಡುಗ ಹಿಂದಿನ ಸ್ಟಾಪಲ್ಲೇ ಇಳ್ಕೊಂಡ’ ಎಂದ. ಅಲ್ಲೇ ಕಲ್ಲಿನ ಮೇಲೆ ಸಂಜೆಯ ತನಕ ಕೂತೆ. ನಿನಗೆ ಏನೆಂದು ಬರೆಯಲಿ ಎಂದು ಯೋಚಿಸುತ್ತ ಮನೆಗೆ ಬಂದರೆ, ಮಹಾಶಯ ನನ್ನ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ! ಕಾಲುವೆಯ ದಂಡೆ ಹಿಡಿದು ನಡೆದು ಬಂದನಂತೆ. ‘ಧೈರ್ಯ ಬರೋಕೆ ಸ್ವಲ್ಪ ನಡೀಬೇಕಾಗಿತ್ತು ನಿನಾ’ ಅಂದ. ಎರಡು ಬಾರಿಸಿದೆ. ಆಮೇಲೆ ಅಪ್ಪಿಕೊಂಡೆ. ಬರೀ ಮೂಳೆ ಕಣೇ, ಏನು ಹಾಕಿ ಸಾಕಿದೆ?

ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಎದ್ದು ನಿಂತೆ. ಅವನೂ ಪಕ್ಕದಲ್ಲಿ ನಿಂತ. ಇಡೀ ಇಗರ್ಜಿ ಕತ್ತು ತಿರುಗಿಸಿತು. ಎಲಿಸೆಯೊ ಗಂಟಲು ಸರಿಮಾಡಿಕೊಂಡ. ನಾನು ಶಾಲು ಬಿಚ್ಚಿ ಕೂಸನ್ನು ಎತ್ತಿ ತೋರಿಸಿದೆ.

‘ಕಳ್ಳಿ ನಾನು. ಈ ಹುಡುಗನ ಹೆಸ್ರು ಹೇಳಿದವರೆಲ್ಲ ಬಾಯಿ ತೊಳ್ಕೊಳ್ಳಿ.’

ಪಾದ್ರಿಯ ಮುಖ ಕೆಂಪಗಾಯಿತು. ‘ಸೆನ್ಯೋರಾ, ನೀವು… ದೇವರ ಮಗನನ್ನ ಒತ್ತೆ ಇಟ್ಕೊಂಡಿದ್ರಾ?’

‘ಹೌದು ಫಾದರ್. ಚಳಿ ಆಗ್ಬಾರ್ದು ಅಂತ ಉಣ್ಣೆ ಸುತ್ತಿದ್ದೆ.’

ಆಮೇಲೆ ಹಿಂದಿನಿಂದ ರಮೊನ್ಸಿತಾಳ ದನಿ ಬಂತು. ‘ನಾನು ನಮ್ಮನೆ ಸಾನ್ ಅಂತೋನಿಯೊನ್ನ ಕೋಳಿಗೂಡಲ್ಲಿ ಇಟ್ಟಿದ್ದೆ ಫಾದರ್, ಉಂಗುರ ಸಿಗೋವರ್ಗೂ!’ ಅಷ್ಟೇ, ಹೆಂಗಸರೆಲ್ಲ ಶುರು ಮಾಡಿದರು. ಒಬ್ಬಳು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಳು, ಒಬ್ಬಳು ಅಕ್ಕಿಯ ಮಡಕೆಯಲ್ಲಿ ಹೂತಿದ್ದಳು. ಪಾದ್ರಿ ಪೀಠ ಹಿಡಿದುಕೊಂಡು ನಿಂತಿದ್ದ. ಕೊನೆಗೆ ಅವನೂ ನಕ್ಕ. ಕಳ್ಳತನ ಆಗಿಲ್ಲ ಅಂದ ಮೇಲೆ ಟ್ರಕ್ ಯಾಕೆ ಎಂದು ಅಂಗಡಿಯ ಫೋನಿನಿಂದ ಅವನೇ ಕಚೇರಿಗೆ ಹೇಳಿದ. ಸಂತರು ಎಲ್ಲಿಗೂ ಹೋಗುವುದಿಲ್ಲ. ಬೀಗವನ್ನು ಮಾತ್ರ ತೆಗೆಯುವುದಿಲ್ಲ ಎಂದು ಎಲಿಸೆಯೊ ಹಟ ಹಿಡಿದಿದ್ದಾನೆ. ಇರಲಿ, ಹಾಕಿಕೊಳ್ಳಲಿ. ಕೀಲಿಯನ್ನು ಮೊಳೆಗೆ ನೇತುಹಾಕಲು ಒಪ್ಪಿದ್ದಾನೆ.

ಅವನ ಬಗ್ಗೆ ಕೆಟ್ಟದ್ದು ಬರೆಯಲಾರೆ. ಎಲ್ಲರ ನಗು ನಿಂತ ಮೇಲೆ ಅವನು ಟೋಪಿ ಕೈಯಲ್ಲಿ ಹಿಡಿದು ದೆಲ್ಫಿನೊನ ಮುಂದೆ ಬಂದು ನಿಂತ. ‘ನಾನು ಕಂಡದ್ದು ನಿಜ ಮಗಾ, ಅಂದ್ಕೊಂಡದ್ದು ಸುಳ್ಳು. ಕ್ಷಮಿಸ್ಬೇಕು’ ಎಂದ. ಅಷ್ಟು ದೊಡ್ಡ ಮೀಸೆಯ ಕೆಳಗಿನಿಂದ ಅಷ್ಟು ಸಣ್ಣ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಇವತ್ತು ಮೆರವಣಿಗೆಯಾಯಿತು. ಸಾನ್ ಅಂತೋನಿಯೊ ಕೂಸಿನ ಸಮೇತ ಹೊಲಗಳ ನಡುವೆ ಹೋಗಿ ಬಂದ. ಮರಳಿ ಬಂದ ಮೇಲೆ ಎಲ್ಲರೂ ಇಗರ್ಜಿಯ ಅಂಗಳದಲ್ಲಿ ನಿಂತಿದ್ದಾಗ ದೆಲ್ಫಿನೊ ಅಪ್ಪನ ಸಮಾಧಿಯ ಹತ್ತಿರ ಹೋದ. ಈ ಸಲ ಅಡಗಿ ಅಲ್ಲ, ಎಲ್ಲರೂ ನೋಡುತ್ತಿರುವಾಗಲೇ. ಸ್ವಲ್ಪ ಹೊತ್ತು ನಿಂತು ತಿರುಗಿ ಕೇಳಿದ.

‘ಅಪ್ಪನ್ನ ಯಾರ್ಯಾರು ಹೊತ್ರಿ?’

ಒಬ್ಬ ಮುಂದೆ ಬಂದು ‘ನಾನು’ ಅಂದ. ಇನ್ನೊಬ್ಬ ‘ನಾನೂ’ ಅಂದ. ಎಲಿಸೆಯೊ, ‘ತಲೆ ಕಡೆ ನಾನಿದ್ದೆ ಮಗಾ’ ಅಂದ. ದೆಲ್ಫಿನೊ ಒಬ್ಬೊಬ್ಬರ ಹತ್ತಿರವೂ ಹೋಗಿ ಅವರ ಕೈ ಹಿಡಿದುಕೊಂಡ. ಎಲಿಸೆಯೊನ ಕೈ ಹಿಡಿದವನು ಬಿಡಲೇ ಇಲ್ಲ. ಅಷ್ಟು ಜನರ ನಡುವೆ ಬಾಯಿಬಿಟ್ಟು ಅತ್ತ, ಬೆನಿಗ್ನಾ. ಎರಡು ವರ್ಷದ ಅಳು. ಯಾರೂ ‘ಸಾಕು’ ಅನ್ನಲಿಲ್ಲ. ನಾವೂ ಅವನ ಜೊತೆ ಅತ್ತೆವು. ನಿನ್ನ ಪಾಲಿನದ್ದನ್ನೂ ನಾನೇ ಅತ್ತೆ.

ಈಗ ಅವನು ಅಂಗಳದಲ್ಲಿ ಗಂಡಸರ ಜೊತೆ ಕೂತು ಉಣ್ಣುತ್ತಿದ್ದಾನೆ. ದಕ್ಷಿಣದ ಗೋಡೆಗೆ ಮಣ್ಣು ಮೆತ್ತುವ ಕೆಲಸ ಇನ್ನೂ ಬಾಕಿಯಿದೆ, ಅದು ಮುಗಿಯುವ ತನಕ ಇರುತ್ತಾನಂತೆ. ನಾನು ಕಾಗದ ಬರೆಯಲು ಒಳಗೆ ಬರುವಾಗ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕರೆದ.

‘ನಿನಾ, ಅಮ್ಮಂಗೆ ಬರೀ. ನಾನು ಇಲ್ಲೇ ಇದೀನಿ ಅಂತ ಬರೀ.’

ಬರೆದಿದ್ದೇನೆ.

ನಿನ್ನ
ನಿಕಾನೊರಾ